ಒಳಾಂಗಣ ಸೈಕ್ಲಿಂಗ್ ಕೋಣೆಯ ಪರದೆ ಮತ್ತು ಪ್ರೊಜೆಕ್ಟರ್

ಒಳಾಂಗಣ ಸೈಕ್ಲಿಂಗ್ ಕೋಣೆಯ ಪರದೆ ಮತ್ತು ಪ್ರೊಜೆಕ್ಟರ್ ಎಂಬುದು, ಸ್ಥಿರ ಸೈಕಲ್ಲುಗಳ ಮೇಲೆ ಗುಂಪಾಗಿ ವ್ಯಾಯಾಮ ಮಾಡುವವರ ಎದುರಿಗೆ ರಸ್ತೆಯ ದೃಶ್ಯ, ಬೋಧಕರ ಚಿತ್ರ ಅಥವಾ ಪ್ರತಿಯೊಬ್ಬರ ಶ್ರಮದ ಅಂಕಿಗಳನ್ನು ತೋರಿಸಲು ಅಳವಡಿಸುವ ದೃಶ್ಯ ವ್ಯವಸ್ಥೆಯಾಗಿದೆ. ಚಿತ್ರಮಂದಿರದಲ್ಲಿಯೂ ಶಾಲೆಯ ತರಗತಿಯಲ್ಲಿಯೂ ಕಾಣುವ ಉಪಕರಣಗಳೇ ಇಲ್ಲಿಯೂ ಬಳಕೆಯಾಗುತ್ತವೆ. ಆದರೆ ನೋಡುವವರ ಸ್ಥಿತಿ ಬೇರೆ. ಚಿತ್ರಮಂದಿರದ ಪ್ರೇಕ್ಷಕ ಒರಗಿ ಕುಳಿತು ತಲೆ ಅಲುಗಿಸದೆ ನೋಡುತ್ತಾನೆ. ಸೈಕಲ್ ಸವಾರ ಹ್ಯಾಂಡಲಿನ ಮೇಲೆ ಬಾಗಿ, ಕತ್ತನ್ನು ಮೇಲೆತ್ತಿ, ಆಗಾಗ ಪೆಡಲಿನ ಮೇಲೆ ಎದ್ದು ನಿಂತು, ಬೆವರಿನ ಕಾರಣಕ್ಕೆ ಕನ್ನಡಕವನ್ನು ತೆಗೆದಿಟ್ಟು ನೋಡುತ್ತಾನೆ. ಆದ್ದರಿಂದ ಈ ಆಯ್ಕೆಯಲ್ಲಿ ಯಂತ್ರದ ಗುಣಪಟ್ಟಿಗಿಂತ ಕೋಣೆಯ ಮೂರು ಸಂಗತಿಗಳು ಹೆಚ್ಚು ನಿರ್ಣಾಯಕವಾಗಿವೆ: ಚಾವಣಿಯ ಎತ್ತರ, ಕೊನೆಯ ಸಾಲಿನ ದೂರ, ಮತ್ತು ಪರದೆಯ ಮೇಲೆ ಬೀಳುವ ಹೊರಗಿನ ಬೆಳಕು. ಈ ಮೂರನ್ನು ಅಳೆಯದೆ ಕೊಂಡ ದುಬಾರಿ ಪ್ರೊಜೆಕ್ಟರ್ ಹಿಂದಿನ ಸಾಲಿನವರಿಗೆ ಮಸುಕಾದ ಗೋಡೆಯನ್ನಷ್ಟೇ ತೋರಿಸುವ ಸಂಭವವಿದೆ.

ಹಿನ್ನೆಲೆ

ಗುಂಪು ಸೈಕ್ಲಿಂಗ್ ತರಗತಿಯ ಈಗಿನ ರೂಪವು ದಕ್ಷಿಣ ಆಫ್ರಿಕಾ ಮೂಲದ ಸೈಕಲ್ ಪಟು ಜಾನಿ ಗೋಲ್ಡ್‌ಬರ್ಗ್ ಅವರಿಂದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡಿತು. 1990ರ ದಶಕದ ಮಧ್ಯಭಾಗದಲ್ಲಿ ಶ್ವಿನ್ ಕಂಪನಿಯು ಇದಕ್ಕೆಂದೇ ತಯಾರಿಸಿದ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. 'ಸ್ಪಿನ್ನಿಂಗ್' ಎಂಬುದು ಜನರ ಮಾತಿನಲ್ಲಿ ಈ ವ್ಯಾಯಾಮದ ಸಾಮಾನ್ಯ ಹೆಸರಾಗಿದ್ದರೂ ಅದು ಮ್ಯಾಡ್ ಡಾಗ್ ಅಥ್ಲೆಟಿಕ್ಸ್ ಸಂಸ್ಥೆಯ ನೋಂದಾಯಿತ ವ್ಯಾಪಾರ ಚಿಹ್ನೆಯಾಗಿದೆ. ಆರಂಭದ ತರಗತಿಗಳಲ್ಲಿ ಪರದೆ ಇರಲಿಲ್ಲ. ಸಂಗೀತ, ಮಂದ ಬೆಳಕು, ಬೋಧಕರ ಧ್ವನಿ ಇವಿಷ್ಟರಲ್ಲೇ ತರಗತಿ ನಡೆಯುತ್ತಿತ್ತು. 2006ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸೋಲ್‌ಸೈಕಲ್ ಸಂಸ್ಥೆಯು ಮೇಣದಬತ್ತಿಯ ಬೆಳಕಿನ ಕತ್ತಲೆ ಕೋಣೆಗಳಿಗೇ ಹೆಸರಾಯಿತು. ಪರದೆ ಇಲ್ಲದ ತರಗತಿಯೂ ಸಂಪೂರ್ಣ ತರಗತಿಯೇ ಎಂಬುದನ್ನು ಇದು ತೋರಿಸುತ್ತದೆ.

ಪರದೆಯ ಪ್ರವೇಶವು ಎರಡು ದಾರಿಗಳಿಂದ ಆಯಿತು. ಒಂದು, ಪೆಡಲಿನ ಶಕ್ತಿಯನ್ನು ವಾಟ್‌ಗಳಲ್ಲಿ ಅಳೆಯುವ ಸಾಧನವೂ ಹೃದಯ ಬಡಿತದ ಪಟ್ಟಿಯೂ ನಿಸ್ತಂತು ಸಂಪರ್ಕ ಪಡೆದು, ಎಲ್ಲರ ಅಂಕಿಗಳನ್ನು ಒಂದೇ ಗೋಡೆಯ ಮೇಲೆ ತೋರಿಸಲು ಸಾಧ್ಯವಾದದ್ದು. ಇನ್ನೊಂದು, ಕಲ್ಪಿತ ರಸ್ತೆಗಳ ಚಿತ್ರ. ನ್ಯೂಜಿಲೆಂಡಿನ ಲೆಸ್ ಮಿಲ್ಸ್ ಸಂಸ್ಥೆಯ 'ದಿ ಟ್ರಿಪ್' ಎಂಬ 40 ನಿಮಿಷದ ತರಗತಿಯು ಚಿತ್ರಮಂದಿರದ ಗಾತ್ರದ ಪರದೆಯನ್ನೇ ಆಧರಿಸಿದೆ. ಇದೇ ಕಾಲದಲ್ಲಿ ಪೆಲೋಟನ್, ಜ್ವಿಫ್ಟ್ ಮೊದಲಾದವು ಮನೆಯ ಸವಾರನಿಗೂ ಪರದೆಯ ರೂಢಿ ಮಾಡಿಸಿದವು. ಮನೆಯಲ್ಲಿ ಕಣ್ಣಿನ ಎದುರಿಗೇ ಸ್ಪಷ್ಟ ಚಿತ್ರ ಕಂಡವರು ಕೋಣೆಯಲ್ಲಿಯೂ ಅದನ್ನೇ ನಿರೀಕ್ಷಿಸತೊಡಗಿದರು.

ತೋರಿಸುವ ವಸ್ತು

ಯಾವ ಪರದೆ ಎಂಬ ಪ್ರಶ್ನೆಗಿಂತ ಮೊದಲು ಅದರಲ್ಲಿ ಏನನ್ನು ತೋರಿಸಬೇಕು ಎಂಬುದು ತೀರ್ಮಾನವಾಗಬೇಕು. ಬೋಧಕರು ಎದುರಿಗಿದ್ದು ಅಂಕಿಗಳು ಮಾತ್ರ ಬೇಕಾದ ಕೋಣೆಗೆ ಚಿತ್ರದ ಬಣ್ಣ, ಆಳ ಮುಖ್ಯವಲ್ಲ, ಅಕ್ಷರ ಓದಲು ಬಂದರೆ ಸಾಕು. ಬೋಧಕರಿಲ್ಲದೆ ಧ್ವನಿಮುದ್ರಿತ ತರಗತಿ ನಡೆಸುವ ಕೋಣೆಯಲ್ಲಿ ಪರದೆಯೇ ಬೋಧಕ. ಅಲ್ಲಿ ಕೈಸನ್ನೆ, ಮುಖಭಾವ ಕಾಣಬೇಕು. ರಸ್ತೆ, ಕಣಿವೆ, ಬೆಟ್ಟಗಳ ಚಿತ್ರದಲ್ಲಿ ಸವಾರನನ್ನು ಮುಳುಗಿಸುವ ಉದ್ದೇಶವಿದ್ದಲ್ಲಿ ಮಾತ್ರ ಬಹುದೊಡ್ಡ ಪರದೆಗೂ ಗಾಢ ಕತ್ತಲೆಗೂ ಅರ್ಥವಿದೆ. ಮೂರನ್ನೂ ಒಂದೇ ಪರದೆಯಲ್ಲಿ ಸಾಧಿಸಲು ಹೊರಟಾಗ ಸಾಮಾನ್ಯವಾಗಿ ಅಂಕಿಗಳು ಚಿಕ್ಕದಾಗಿ ಮೂಲೆ ಸೇರುತ್ತವೆ. ಅಂಕಿಗಳಿಗೆ ಪಕ್ಕದ ಗೋಡೆಯಲ್ಲಿ ಪ್ರತ್ಯೇಕ ಟಿವಿ ಇಡುವುದು ಇದಕ್ಕಿಂತ ಉತ್ತಮ ಕ್ರಮ.

ಚಾವಣಿ ಮತ್ತು ನೋಟದ ರೇಖೆ

ಪರದೆಯ ಗಾತ್ರವನ್ನು ಗೋಡೆಯ ಅಗಲ ನಿರ್ಧರಿಸುತ್ತದೆ ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದನ್ನು ನಿರ್ಧರಿಸುವುದು ಚಾವಣಿಯ ಎತ್ತರ ಮತ್ತು ಎದುರಿನ ಸವಾರನ ತಲೆ. ಇದನ್ನು ಒಂದು ಕಲ್ಪಿತ ಕೋಣೆಯ ಲೆಕ್ಕದಿಂದ ತಿಳಿಯಬಹುದು.

ಕೋಣೆ 11 ಮೀಟರ್ ಉದ್ದ, 8 ಮೀಟರ್ ಅಗಲ, 3.3 ಮೀಟರ್ ಎತ್ತರವಿದೆ ಎಂದುಕೊಳ್ಳೋಣ. ಸಾಲಿಗೆ ಆರರಂತೆ ನಾಲ್ಕು ಸಾಲುಗಳಲ್ಲಿ 24 ಸೈಕಲ್ಲುಗಳಿವೆ. ಪರದೆಯಿಂದ ಮೊದಲ ಸಾಲಿನ ಸವಾರರ ಕಣ್ಣು 3.5 ಮೀಟರ್ ದೂರದಲ್ಲಿದೆ. ಸಾಲಿನಿಂದ ಸಾಲಿಗೆ 1.8 ಮೀಟರ್ ಅಂತರವಿದ್ದು, ನಾಲ್ಕನೆಯ ಸಾಲು 8.9 ಮೀಟರ್ ದೂರಕ್ಕೆ ಬರುತ್ತದೆ. ಸೀಟಿನಲ್ಲಿ ಕುಳಿತ ಸವಾರನ ಕಣ್ಣು ನೆಲದಿಂದ 1.45 ಮೀಟರ್, ನೆತ್ತಿ 1.57 ಮೀಟರ್ ಎತ್ತರದಲ್ಲಿರುತ್ತದೆ ಎಂದು ಇಟ್ಟುಕೊಂಡರೆ, ಕಣ್ಣಿಗಿಂತ ನೆತ್ತಿ 12 ಸೆಂಟಿಮೀಟರ್ ಮೇಲಿದೆ. ನೆಲ ಸಮತಟ್ಟಾಗಿದ್ದು ಸೈಕಲ್ಲುಗಳು ಒಂದರ ಹಿಂದೊಂದು ನೇರವಾಗಿ ನಿಂತಿದ್ದರೆ, ನಾಲ್ಕನೆಯ ಸಾಲಿನ ಕಣ್ಣಿನಿಂದ ಮೂರನೆಯ ಸಾಲಿನ ನೆತ್ತಿಯನ್ನು ಸವರಿ ಹೋಗುವ ರೇಖೆ ಪರದೆಯ ಗೋಡೆಯನ್ನು ಸುಮಾರು 2 ಮೀಟರ್ ಎತ್ತರದಲ್ಲಿ ಮುಟ್ಟುತ್ತದೆ. ಅದಕ್ಕಿಂತ ಕೆಳಗಿರುವ ಯಾವುದೂ ಆ ಸವಾರನಿಗೆ ಪೂರ್ತಿಯಾಗಿ ಕಾಣದು. ಚಾವಣಿಯ ಬಳಿ 20 ಸೆಂಟಿಮೀಟರ್ ಬಿಟ್ಟರೆ ಪರದೆಗೆ ಉಳಿಯುವ ಎತ್ತರ 1.1 ಮೀಟರ್ ಮಾತ್ರ. 16:9ರ ಅನುಪಾತದಲ್ಲಿ ಅದರ ಅಗಲ 2 ಮೀಟರನ್ನೂ ಮುಟ್ಟುವುದಿಲ್ಲ. 8 ಮೀಟರ್ ಅಗಲದ ಗೋಡೆಯಲ್ಲಿ ಇಷ್ಟೇ ಉಪಯುಕ್ತ ಜಾಗ.

ಪ್ರತಿ ಸಾಲನ್ನೂ ಹಿಂದಕ್ಕೆ ಹೋದಂತೆ 15 ಸೆಂಟಿಮೀಟರ್ ಎತ್ತರಿಸಿ, ಒಂದು ಸಾಲಿನ ಸೈಕಲ್ ಹಿಂದಿನ ಸಾಲಿನ ಎರಡು ಸೈಕಲ್ಲುಗಳ ನಡುವೆ ಬರುವಂತೆ ಸರಿಸಿ ನಿಲ್ಲಿಸಿದರೆ ಲೆಕ್ಕವೇ ಬದಲಾಗುತ್ತದೆ. ಆಗ ಅಡ್ಡ ಬರುವುದು ಎರಡು ಸಾಲು ಮುಂದಿನ ತಲೆ. ನಾಲ್ಕನೆಯ ಸಾಲಿನಿಂದ ನೋಡಿದರೂ ಪರದೆಯ ಕೆಳ ಅಂಚು 1.5 ಮೀಟರಿನಲ್ಲಿದ್ದರೆ ಸಾಕಾಗುತ್ತದೆ. ಪರದೆಯ ಎತ್ತರ 1.6 ಮೀಟರಿಗೂ ಅಗಲ 2.84 ಮೀಟರಿಗೂ ಏರುತ್ತದೆ. ಚಾವಣಿಯನ್ನು ಮುಟ್ಟದೆ ಚಿತ್ರದ ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚಾಯಿತು. ಮರದ ಹಲಗೆಯ ಮೆಟ್ಟಿಲು ಪ್ರೊಜೆಕ್ಟರಿಗಿಂತ ಮೊದಲು ಯೋಚಿಸಬೇಕಾದ ವಸ್ತು ಎಂಬುದಕ್ಕೆ ಇದೇ ಕಾರಣ.

ಸವಾರರು ಎದ್ದು ನಿಂತಾಗ ಏನಾಗುತ್ತದೆ ಎಂಬ ಶಂಕೆ ಸಹಜ. ಬೋಧಕರ ಸೂಚನೆಯಂತೆ ಇಡೀ ತರಗತಿ ಒಟ್ಟಿಗೆ ಏಳುವುದರಿಂದ ಹಿಂದಿನವರ ಕಣ್ಣೂ ಅಷ್ಟೇ ಮೇಲೇರುತ್ತದೆ. ತೊಂದರೆ ಇರುವುದು ಒಬ್ಬಿಬ್ಬರು ಮಾತ್ರ ನಿಂತಾಗ.

ಮೊದಲ ಸಾಲಿನವರ ಕಷ್ಟ ಇದಕ್ಕೆ ವಿರುದ್ಧವಾದುದು. ಪರದೆ ಮೇಲೇರಿದಷ್ಟೂ ಅವರ ಕತ್ತು ಹಿಂದಕ್ಕೆ ಬಾಗುತ್ತದೆ. ಚಿತ್ರಮಂದಿರಗಳಿಗೆ ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ಎಂಜಿನಿಯರುಗಳ ಸಂಘವು ಸೂಚಿಸಿರುವ ಮಿತಿಯಂತೆ, ಮೊದಲ ಸಾಲಿನಿಂದ ಪರದೆಯ ಮೇಲಂಚಿಗೆ ನೋಟದ ಕೋನ 35 ಡಿಗ್ರಿ ಮೀರಬಾರದು. ಮೇಲಿನ ಕೋಣೆಯಲ್ಲಿ ಅದು ಸುಮಾರು 25 ಡಿಗ್ರಿ ಬರುತ್ತದೆ. ಆದರೆ ಸಿನಿಮಾ ನೋಡುವವನ ಬೆನ್ನು ಒರಗಿರುತ್ತದೆ, ಸವಾರನ ಬೆನ್ನು ಮುಂದಕ್ಕೆ ಬಾಗಿರುತ್ತದೆ. ಮುಂಡ ಬಾಗಿದಷ್ಟು ಡಿಗ್ರಿಗಳನ್ನು ಕತ್ತು ಹೆಚ್ಚುವರಿಯಾಗಿ ಹೊರಬೇಕು. ಆದ್ದರಿಂದ ಚಿತ್ರಮಂದಿರದ ಮಿತಿಯನ್ನು ಇಲ್ಲಿ ಗರಿಷ್ಠವೆಂದು ತಿಳಿದು ಅದಕ್ಕಿಂತ ಸಾಕಷ್ಟು ಕೆಳಗೆ ಉಳಿಯುವುದು ಕ್ಷೇಮ. ಅಂಕಿಗಳನ್ನು ಚಿತ್ರದ ಮೇಲಂಚಿನಲ್ಲಿ ಇಡದಿರುವುದೂ ಕತ್ತಿಗೆ ಹಿತ.

ಅಕ್ಷರದ ಗಾತ್ರ

ನೆದರ್ಲೆಂಡ್ಸಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕವು ಇಂದಿಗೂ ಕಣ್ಣಿನ ಪರೀಕ್ಷೆಯಲ್ಲಿ ಬಳಕೆಯಲ್ಲಿದೆ. ಅದರಂತೆ ಸಾಮಾನ್ಯ ದೃಷ್ಟಿಯವರು ಓದಬಲ್ಲ ಅತಿ ಚಿಕ್ಕ ಅಕ್ಷರವು ಕಣ್ಣಿನಲ್ಲಿ 5 ಕೋನ ನಿಮಿಷಗಳಷ್ಟು ಕೋನವನ್ನು ಮಾಡುತ್ತದೆ. ಇದು ಪ್ರಯಾಸಪಟ್ಟು ಓದುವ ಮಿತಿ. ಆಯಾಸವಿಲ್ಲದೆ ಓದಲು ಅದರ ಮೂರು ಪಟ್ಟಿಗೂ ಮಿಗಿಲಾದ ಗಾತ್ರ ಬೇಕು. ನೋಡುವ ದೂರದ ಇನ್ನೂರನೆಯ ಒಂದು ಭಾಗದಷ್ಟು ಎತ್ತರದ ಅಕ್ಷರ ಎಂಬ ಸರಳ ಸೂತ್ರ ಇದಕ್ಕೆ ಹೊಂದುತ್ತದೆ. ಅಲುಗಾಡುತ್ತಿರುವ, ಕನ್ನಡಕ ತೆಗೆದಿಟ್ಟಿರುವ, ಒಂದೇ ಕ್ಷಣ ಕಣ್ಣೆತ್ತಿ ನೋಡುವ ಸವಾರನಿಗೆ ನೂರನೆಯ ಒಂದು ಭಾಗವೇ ಯೋಗ್ಯ.

ನಾಲ್ಕನೆಯ ಸಾಲು 8.9 ಮೀಟರ್ ದೂರವಿದ್ದಾಗ ಕನಿಷ್ಠ ಅಕ್ಷರ 4.5 ಸೆಂಟಿಮೀಟರ್, ಹಿತವಾದ ಅಕ್ಷರ 9 ಸೆಂಟಿಮೀಟರ್. 160 ಸೆಂಟಿಮೀಟರ್ ಎತ್ತರದ ಪರದೆಯಲ್ಲಿ 24 ಹೆಸರುಗಳನ್ನು ಒಂದೇ ಪಟ್ಟಿಯಾಗಿ ಬರೆದರೆ ಪ್ರತಿ ಸಾಲಿಗೆ 6.7 ಸೆಂಟಿಮೀಟರ್ ಸಿಗುತ್ತದೆ. ಸಾಲುಗಳ ನಡುವಿನ ಬಿಡುವನ್ನು ಕಳೆದರೆ ಅಕ್ಷರಕ್ಕೆ ಉಳಿಯುವುದು ಕನಿಷ್ಠ ಮಿತಿಯಷ್ಟೇ. ಹನ್ನೆರಡರಂತೆ ಎರಡು ಪಟ್ಟಿ ಮಾಡಿದರೆ ಸಾಲಿಗೆ 13 ಸೆಂಟಿಮೀಟರ್ ದೊರೆತು, 9 ಸೆಂಟಿಮೀಟರ್ ಅಕ್ಷರಕ್ಕೆ ಎಡೆಯಾಗುತ್ತದೆ. ಪರದೆಯನ್ನು ದೊಡ್ಡದು ಮಾಡುವ ಮುನ್ನ ತಂತ್ರಾಂಶದಲ್ಲಿ ಪಟ್ಟಿಯ ವಿನ್ಯಾಸ ಬದಲಿಸಲು ಬರುತ್ತದೆಯೇ ಎಂದು ನೋಡಬೇಕೆಂಬುದು ಇದರಿಂದ ಸ್ಪಷ್ಟ.

4ಕೆ ಸ್ಪಷ್ಟತೆಯ ಅಗತ್ಯವನ್ನೂ ಹೀಗೆಯೇ ಅಳೆಯಬಹುದು. 2.84 ಮೀಟರ್ ಅಗಲದಲ್ಲಿ 1920 ಚುಕ್ಕಿಗಳನ್ನು ಹರಡಿದರೆ ಒಂದು ಚುಕ್ಕಿ 1.5 ಮಿಲಿಮೀಟರಿನಷ್ಟಿರುತ್ತದೆ. ಸಾಮಾನ್ಯ ಕಣ್ಣು ಒಂದು ಕೋನ ನಿಮಿಷಕ್ಕಿಂತ ಸೂಕ್ಷ್ಮವಾದುದನ್ನು ಬಿಡಿಸಿ ಕಾಣದು. ಆದ್ದರಿಂದ ಸುಮಾರು 5 ಮೀಟರಿನಾಚೆ, ಅಂದರೆ ಎರಡನೆಯ ಸಾಲಿನಿಂದ ಹಿಂದಕ್ಕೆ, 4ಕೆ ಚಿತ್ರಕ್ಕೂ ಸಾಧಾರಣ 1080 ಸಾಲುಗಳ ಚಿತ್ರಕ್ಕೂ ಇರುವ ವ್ಯತ್ಯಾಸ ಗೋಚರಿಸುವುದಿಲ್ಲ. ಮೊದಲ ಸಾಲಿನ ಆರು ಜನರಿಗಾಗಿ ಅದರ ಬೆಲೆ ತೆರಬೇಕೇ ಎಂಬುದು ಮಾಲೀಕರ ವಿವೇಚನೆ.

ಬೆಳಕಿನ ಲೆಕ್ಕ

ಪ್ರೊಜೆಕ್ಟರ್ ಹೊರಸೂಸುವ ಬೆಳಕನ್ನು ಲ್ಯೂಮೆನ್‌ಗಳಲ್ಲಿಯೂ, ಪರದೆಯ ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕನ್ನು ಲಕ್ಸ್‌ಗಳಲ್ಲಿಯೂ ಅಳೆಯುತ್ತಾರೆ. ಲ್ಯೂಮೆನ್ ಸಂಖ್ಯೆಯನ್ನು ಪರದೆಯ ವಿಸ್ತೀರ್ಣದಿಂದ ಭಾಗಿಸಿದರೆ ಲಕ್ಸ್ ದೊರೆಯುತ್ತದೆ. ಪ್ರೊಜೆಕ್ಟರಿಗೆ ಕಪ್ಪನ್ನು ಸೃಷ್ಟಿಸುವ ಶಕ್ತಿಯಿಲ್ಲ ಎಂಬುದು ಇಲ್ಲಿಯ ಮುಖ್ಯ ಸಂಗತಿ. ಬೆಳಕು ಹಾಯಿಸದ ಜಾಗವೇ ಅದರ ಪಾಲಿಗೆ ಕಪ್ಪು. ಕಿಟಕಿಯಿಂದಲೋ ದೀಪದಿಂದಲೋ ಪರದೆಯ ಮೇಲೆ ಬೀಳುವ ಅನ್ಯ ಬೆಳಕು ಆ ಕಪ್ಪನ್ನು ಬೂದಿಯಾಗಿಸುತ್ತದೆ. ಅತಿ ಬಿಳಿಯ ಭಾಗಕ್ಕೂ ಅತಿ ಕಪ್ಪಿನ ಭಾಗಕ್ಕೂ ಇರುವ ಬೆಳಕಿನ ಅನುಪಾತಕ್ಕೆ ಕಾಂಟ್ರಾಸ್ಟ್ ಎಂದು ಹೆಸರು. ಇನ್ಫೋಕಾಮ್ ಸಂಘಟನೆ (ಈಗ ಅವಿಕ್ಸಾ) 2011ರಲ್ಲಿ ಪ್ರಕಟಿಸಿದ ಮಾನಕವು ಸುಮ್ಮನೆ ನೋಡುವ ಚಿತ್ರಕ್ಕೆ 7:1, ಓದಿ ತೀರ್ಮಾನಿಸಬೇಕಾದ ಮಾಹಿತಿಗೆ 15:1, ಸೂಕ್ಷ್ಮ ವಿಶ್ಲೇಷಣೆಗೆ 50:1, ಸಿನಿಮಾದಂತಹ ಚಲಿಸುವ ಚಿತ್ರಕ್ಕೆ 80:1 ಕನಿಷ್ಠ ಅನುಪಾತವೆಂದು ಹೇಳುತ್ತದೆ.

ಉದಾಹರಣೆಯ ಪರದೆಯ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ದೀಪಗಳನ್ನು ಮಂದಗೊಳಿಸಿದ ಮೇಲೂ ಪರದೆಯ ಮೇಲೆ 20 ಲಕ್ಸ್ ಅನ್ಯ ಬೆಳಕು ಉಳಿದಿದ್ದರೆ, 80:1 ಅನುಪಾತಕ್ಕೆ ಪ್ರೊಜೆಕ್ಟರ್ 1580 ಲಕ್ಸ್ ನೀಡಬೇಕು. ಅಂದರೆ 7,000 ಲ್ಯೂಮೆನ್ ಮೀರಿದ ಯಂತ್ರ ಬೇಕು. ಅದೇ ಅನ್ಯ ಬೆಳಕನ್ನು 5 ಲಕ್ಸಿಗೆ ಇಳಿಸಿದರೆ 1,800 ಲ್ಯೂಮೆನ್ ಸಾಕಾಗುತ್ತದೆ. ಕಿಟಕಿಗೆ ದಪ್ಪ ಪರದೆ, ಪರದೆಯ ಕಡೆಗೆ ತಿರುಗಿದ ದೀಪಗಳಿಗೆ ಮರೆ, ಎದುರು ಗೋಡೆಗೂ ಚಾವಣಿಗೂ ಹೊಳಪಿಲ್ಲದ ಗಾಢ ಬಣ್ಣ ಇವು ಮಾಡುವ ಕೆಲಸ ಇಷ್ಟು ದೊಡ್ಡದು. ಬಟ್ಟೆ ಅಂಗಡಿಯಲ್ಲಿ ಸಿಗುವ ಪರಿಹಾರಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾಲ್ಕು ಪಟ್ಟು ಬೆಳಕಿನ ಬೆಲೆ ಕೊಡಬೇಕಿಲ್ಲ. ಬೆಳಗಿನ ತರಗತಿಗಳಿಗೆ ಕಿಟಕಿ ತೆರೆದೇ ಇರಬೇಕೆಂದಾದರೆ ಅನ್ಯ ಬೆಳಕು ಸುಲಭವಾಗಿ ನೂರಾರು ಲಕ್ಸ್ ಮುಟ್ಟುತ್ತದೆ. ಆಗ ಪ್ರೊಜೆಕ್ಟರಿನ ಯೋಚನೆಯನ್ನೇ ಕೈಬಿಟ್ಟು ಟಿವಿ ಅಥವಾ ಎಲ್‌ಇಡಿ ಗೋಡೆಯನ್ನು ಪರಿಗಣಿಸುವುದು ಒಳಿತು.

ಲೆಕ್ಕದಲ್ಲಿ ಬಂದ ಲ್ಯೂಮೆನ್ ಸಂಖ್ಯೆಗೆ ಯಂತ್ರದ ಮುಪ್ಪನ್ನೂ ಸೇರಿಸಬೇಕು. ದೀಪವಾಗಲಿ ಲೇಸರ್ ಆಗಲಿ, ತಯಾರಕರು ಹೇಳುವ ಆಯುಷ್ಯದ ಕೊನೆಗೆ ಬೆಳಕು ಸಾಮಾನ್ಯವಾಗಿ ಅರ್ಧಕ್ಕೆ ಇಳಿದಿರುತ್ತದೆ. ನೈಜ ಬಣ್ಣದ ವಿಧಾನದಲ್ಲಿ ನಡೆಸಿದಾಗ ಮೊದಲ ದಿನವೇ ಪೂರ್ಣ ಸಂಖ್ಯೆ ಸಿಗುವುದಿಲ್ಲ. 1,800 ಬೇಕಾದಲ್ಲಿ 3,000ದಿಂದ 3,500 ಲ್ಯೂಮೆನ್ ಯಂತ್ರವನ್ನು ಆರಿಸುವುದು ಈ ಕಾರಣಕ್ಕೆ. ಸಂಖ್ಯೆಯ ಜೊತೆಗೆ ಎಎನ್‌ಎಸ್‌ಐ ಅಥವಾ ಐಎಸ್‌ಒ ಎಂಬ ಮಾನಕದ ಹೆಸರಿದೆಯೇ ಎಂದು ನೋಡಬೇಕು. ಆ ಹೆಸರಿಲ್ಲದೆ ಅಗ್ಗದ ಯಂತ್ರಗಳ ಡಬ್ಬಿಯ ಮೇಲೆ ಅಚ್ಚಾಗಿರುವ ಹತ್ತು, ಹದಿನೈದು ಸಾವಿರದ ಸಂಖ್ಯೆಗಳಿಗೆ ಬೆಲೆಯಿಲ್ಲ.

ಬಣ್ಣದ ದೀಪಗಳು ಈ ಕೋಣೆಗಳ ವಿಶೇಷ. ಏರಿನಲ್ಲಿ ಕೆಂಪು, ವಿರಾಮದಲ್ಲಿ ನೀಲಿ ಎಂದು ಬೆಳಕು ಬದಲಾಗುತ್ತದೆ. ಬಿಳಿ ಪರದೆ ಆ ಬಣ್ಣವನ್ನೆಲ್ಲ ಹೀರದೆ ಹಿಂದಿರುಗಿಸುವುದರಿಂದ, ದೀಪದ ಮುಖ ನೆಲದ ಕಡೆಗಿರದಿದ್ದರೆ ಚಿತ್ರದ ಕಾಡು ಕೆಂಪಾಗುತ್ತದೆ.

ಪ್ರೊಜೆಕ್ಟರಿನ ಬಗೆಗಳು

ಪ್ರಚಲಿತ ಪ್ರೊಜೆಕ್ಟರುಗಳು ಮುಖ್ಯವಾಗಿ ಎರಡು ತತ್ತ್ವಗಳ ಮೇಲೆ ಕೆಲಸ ಮಾಡುತ್ತವೆ. ಡಿಎಲ್‌ಪಿ ಯಂತ್ರದಲ್ಲಿ ಸೂಕ್ಷ್ಮ ಕನ್ನಡಿಗಳ ಫಲಕವಿದೆ. ಇದನ್ನು ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದರು. ಒಂದೇ ಫಲಕವಿರುವ ಯಂತ್ರವು ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದಾದ ಮೇಲೊಂದರಂತೆ ಅತಿ ವೇಗದಲ್ಲಿ ತೋರಿಸುತ್ತದೆ, ಕಣ್ಣು ಅವನ್ನು ಬೆರೆಸಿಕೊಳ್ಳುತ್ತದೆ. ಆದರೆ ಕಣ್ಣು ಥಟ್ಟನೆ ಚಲಿಸಿದಾಗ ಬಣ್ಣಗಳು ಬೇರ್ಪಟ್ಟು ಕೆಲವರಿಗೆ ಕಾಮನಬಿಲ್ಲಿನ ಗೆರೆಗಳಾಗಿ ಕಾಣುತ್ತವೆ. ಸ್ಥಿರವಾಗಿ ಕುಳಿತವರಿಗಿಂತ ತಲೆಯಾಡಿಸುತ್ತ ಸಾಗುವ ಸವಾರರಿಗೆ ಇದು ಬಾಧಕವಾಗುವ ಸಂಭವ ಹೆಚ್ಚು. ಮೂರು ಎಲ್‌ಸಿಡಿ ಫಲಕಗಳ ಯಂತ್ರದಲ್ಲಿ ಮೂರು ಬಣ್ಣಗಳೂ ಏಕಕಾಲಕ್ಕೆ ಬರುವುದರಿಂದ ಈ ತೊಡಕಿಲ್ಲ. ಪ್ರತಿಯಾಗಿ, ಅದರ ಗಾಳಿಯ ಸೋಸುಕವನ್ನು ಆಗಾಗ ಶುಚಿಗೊಳಿಸುತ್ತಿರಬೇಕು.

ಬೆಳಕಿನ ಮೂಲದಲ್ಲಿ ಪಾದರಸದ ದೀಪ ಹಾಗೂ ಲೇಸರ್ ಎಂದು ಎರಡು ಬಗೆ. ದೀಪದ ಆಯುಷ್ಯ ಕೆಲವು ಸಾವಿರ ಗಂಟೆ. ಲೇಸರಿಗೆ 20,000 ಗಂಟೆ ಎಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ದಿನಕ್ಕೆ ಆರು ಗಂಟೆ, ತಿಂಗಳಿಗೆ 26 ದಿನ ತರಗತಿ ನಡೆದರೆ ವರ್ಷಕ್ಕೆ 1,872 ಗಂಟೆಯಾಗುತ್ತದೆ. 3,000 ಗಂಟೆಯ ದೀಪವನ್ನು ಎರಡು ವರ್ಷ ತುಂಬುವ ಮುನ್ನವೇ ಬದಲಿಸಬೇಕು. ಲೇಸರ್ ಹತ್ತು ವರ್ಷ ದಾಟುತ್ತದೆ. ಮನೆಯಲ್ಲಿ ವಾರಕ್ಕೊಂದು ಸಿನಿಮಾ ನೋಡುವವರಿಗೆ ಅನ್ವಯಿಸದ ಈ ಲೆಕ್ಕ ವ್ಯಾಯಾಮ ಕೋಣೆಯಲ್ಲಿ ನಿರ್ಣಾಯಕ.

ಯಂತ್ರವನ್ನು ಪರದೆಯಿಂದ ಎಷ್ಟು ದೂರದಲ್ಲಿ ತೂಗುಹಾಕಬೇಕೆಂಬುದು ಅದರ ಮಸೂರವನ್ನು ಅವಲಂಬಿಸಿದೆ. ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಥ್ರೋ ಅನುಪಾತ ಎನ್ನುತ್ತಾರೆ. 1.5 ಅನುಪಾತದ ಯಂತ್ರವು 2.84 ಮೀಟರ್ ಅಗಲದ ಚಿತ್ರಕ್ಕೆ ಸುಮಾರು 4.3 ಮೀಟರ್ ದೂರದಲ್ಲಿ, ಅಂದರೆ ಮೊದಲ ಮತ್ತು ಎರಡನೆಯ ಸಾಲುಗಳ ನಡುವೆ ಚಾವಣಿಯಲ್ಲಿ ಇರಬೇಕಾಗುತ್ತದೆ. ಅದರ ಬೆಳಕಿನ ಕೆಳ ಅಂಚು ಸವಾರರ ತಲೆಗಿಂತ ಮೇಲೆಯೇ ಹಾದುಹೋಗುತ್ತದೆ. ಆದರೆ ಪರದೆಯಿಂದ ಒಂದೂವರೆ ಮೀಟರ್ ಮುಂದೆ ಎತ್ತರಿಸಿದ ವೇದಿಕೆಯ ಮೇಲೆ ಎದ್ದು ನಿಂತ ಬೋಧಕರ ತಲೆಯ ನೆರಳು ಚಿತ್ರದಲ್ಲಿ ಬೀಳುತ್ತದೆ, ಬೆಳಕೂ ಅವರ ಕಣ್ಣಿಗೆ ಹೊಡೆಯುತ್ತದೆ. ಬೋಧಕರ ಸೈಕಲ್ಲನ್ನು ಪರದೆಯ ಪಕ್ಕಕ್ಕೆ ಸರಿಸುವುದು ಸುಲಭ ಪರಿಹಾರ. ಅದು ಆಗದಿದ್ದಲ್ಲಿ ಪರದೆಯ ಹತ್ತಿರದಿಂದಲೇ ಚಿತ್ರ ಬಿಡುವ ಹ್ರಸ್ವ ದೂರದ ಯಂತ್ರ ಬೇಕಾಗುತ್ತದೆ. ಓರೆಯಾಗಿ ಇಟ್ಟ ಯಂತ್ರದ ಚಿತ್ರವನ್ನು ಕೀಸ್ಟೋನ್ ತಿದ್ದುಪಡಿಯಿಂದ ನೆಟ್ಟಗೆ ಮಾಡಬಹುದಾದರೂ ಅದರಲ್ಲಿ ಚುಕ್ಕಿಗಳೂ ಬೆಳಕೂ ನಷ್ಟವಾಗುತ್ತವೆ. ಮಸೂರವನ್ನೇ ಸರಿಸುವ ಸೌಲಭ್ಯವಿದ್ದರೆ ಈ ನಷ್ಟವಿಲ್ಲ.

ಟಿವಿ ಮತ್ತು ಎಲ್‌ಇಡಿ ಗೋಡೆ

85 ಇಂಚಿನ ಟಿವಿಯ ಚಿತ್ರ 188 ಸೆಂಟಿಮೀಟರ್ ಅಗಲ, 106 ಸೆಂಟಿಮೀಟರ್ ಎತ್ತರವಿರುತ್ತದೆ. ತಗ್ಗು ಚಾವಣಿಯ ಸಮತಟ್ಟು ಕೋಣೆಯಲ್ಲಿ ಉಳಿಯುವ ಜಾಗಕ್ಕೆ ಇದು ಸರಿಯಾಗಿ ಹೊಂದುತ್ತದೆ. ಅಂತಹ ಕಡೆ ಪ್ರೊಜೆಕ್ಟರಿನ ಗೋಜಿಗೆ ಹೋಗುವುದು ವ್ಯರ್ಥ. ಗೃಹ ಬಳಕೆಯ ಟಿವಿಗಳ ಖಾತರಿ ವಾಣಿಜ್ಯ ಬಳಕೆಗೆ ಅನ್ವಯಿಸದಿರುವುದು ಸಾಮಾನ್ಯವಾದ್ದರಿಂದ ಕೊಳ್ಳುವ ಮುನ್ನ ಷರತ್ತುಗಳನ್ನು ಓದಬೇಕು. ಹೊಳೆಯುವ ಗಾಜಿನ ಮುಖದಲ್ಲಿ ಎದುರಿನ ದೀಪಗಳು ಪ್ರತಿಫಲಿಸುತ್ತವೆ, ಆದ್ದರಿಂದ ಮಂದ ಮುಖದ ಫಲಕ ಮೇಲು.

ಎಲ್‌ಇಡಿ ಗೋಡೆಗೆ ನೆರಳಿನ ಬಾಧೆಯಿಲ್ಲ, ಬೆಳಕಿದ್ದರೂ ಚಿತ್ರ ಉಳಿಯುತ್ತದೆ. ಅದರ ಚುಕ್ಕಿಗಳ ನಡುವಣ ಅಂತರವನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಎಷ್ಟು ಮಿಲಿಮೀಟರೋ ಅಷ್ಟು ಮೀಟರ್ ಕನಿಷ್ಠ ದೂರದಿಂದ ನೋಡಬೇಕೆಂಬುದು ವ್ಯಾಪಾರದಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ. ದುಬಾರಿ ಬೆಲೆಯ ಜೊತೆಗೆ, ಕತ್ತಲೆ ಕೋಣೆಯಲ್ಲಿ ಅದರ ಅತಿಯಾದ ಹೊಳಪೇ ಅದರ ದೋಷ. ಬಹಳ ತಗ್ಗಿಸಿದರೆ ಕೆಲವು ಅಗ್ಗದ ಫಲಕಗಳಲ್ಲಿ ನಸುಗತ್ತಲೆಯ ಛಾಯೆಗಳು ಮಾಯವಾಗುತ್ತವೆ.

ಪರದೆಯ ಮೇಲ್ಮೈ

ಸಾಧಾರಣ ಮಂದ ಬಿಳಿ ಪರದೆ ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುತ್ತದೆ. ಕೆಲವು ಪರದೆಗಳು ನೇರ ಎದುರಿನವರಿಗೆ ಹೆಚ್ಚು ಬೆಳಕು ಕಳುಹಿಸಿ, ಅಷ್ಟೇ ಪ್ರಮಾಣದಲ್ಲಿ ಪಕ್ಕದವರಿಗೆ ಕಡಿಮೆ ಮಾಡುತ್ತವೆ. ಅಗಲವಾದ ಸಾಲುಗಳಿರುವ ಕೋಣೆಯಲ್ಲಿ ಅಂಚಿನ ಸವಾರರಿಗೆ ಇದು ಅನ್ಯಾಯ. ಸುರುಳಿ ಪರದೆ ಈ ಕೋಣೆಗೆ ಒಗ್ಗುವುದಿಲ್ಲ. ದೊಡ್ಡ ಫ್ಯಾನುಗಳ ಗಾಳಿಗೆ ಅದು ತೂಗಾಡಿ, ರಸ್ತೆಯ ಚಿತ್ರ ಅಲೆಯಂತೆ ಏಳುಬೀಳುತ್ತದೆ. ಚೌಕಟ್ಟಿಗೆ ಬಿಗಿದ ಪರದೆ ಅಥವಾ ನುಣುಪಾಗಿ ಗಾರೆ ಮಾಡಿ ಬಳಿದ ಗೋಡೆಯೇ ವಾಸಿ.

ಸೆಕೆ, ಬೆವರು ಮತ್ತು ವಿದ್ಯುತ್ತು

ಸೈಕಲ್ ತುಳಿಯುವವರ ದೇಹ ವ್ಯಯಿಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಕಡಿಮೆಯಷ್ಟೇ ಪೆಡಲಿಗೆ ತಲಪುತ್ತದೆ. ಉಳಿದುದು ಶಾಖ. ಪೆಡಲಿಗೆ 120 ವಾಟ್ ಕೊಡುವ ಸವಾರನ ದೇಹದಿಂದ ಸುಮಾರು 400 ವಾಟ್ ಶಾಖ ಹೊರಡುತ್ತದೆ, ಪೆಡಲಿನ ಶ್ರಮವೂ ಕೊನೆಗೆ ಸೈಕಲ್ಲಿನ ಬ್ರೇಕಿನಲ್ಲಿ ಶಾಖವೇ ಆಗುತ್ತದೆ. 24 ಸವಾರರಿಂದ 12 ಕಿಲೋವಾಟಿಗೂ ಹೆಚ್ಚು ಶಾಖ ಒಂದೇ ಕೋಣೆಯಲ್ಲಿ ಸೇರುತ್ತದೆ. ಬಿಸಿಗಾಳಿ ಮೇಲೇರಿ ನಿಲ್ಲುವುದು ಪ್ರೊಜೆಕ್ಟರ್ ತೂಗುವ ಚಾವಣಿಯ ಬಳಿಯಲ್ಲೇ. ಯಂತ್ರದ ಕೈಪಿಡಿಯಲ್ಲಿ ನಮೂದಿಸಿರುವ ಗರಿಷ್ಠ ತಾಪಮಾನವನ್ನು ನೆಲದ ಮಟ್ಟದಲ್ಲಲ್ಲ, ಆ ಎತ್ತರದಲ್ಲಿ ಅಳೆದು ನೋಡಬೇಕು. ಟವೆಲ್ಲುಗಳ ನೂಲಿನ ಧೂಳು ಸೋಸುಕವನ್ನು ಬೇಗ ಮುಚ್ಚುತ್ತದೆ. ಮಂಗಳೂರಿನಂತಹ ಕರಾವಳಿಯ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಷ್ಟು ಬೆಳೆಯುವ ಭಯವೂ ಇದೆ.

ದೀಪದ ಪ್ರೊಜೆಕ್ಟರನ್ನು ಆರಿಸಿದ ಮೇಲೂ ಅದರ ಫ್ಯಾನು ಸ್ವಲ್ಪ ಹೊತ್ತು ತಿರುಗಿ ದೀಪವನ್ನು ತಣಿಸಬೇಕು. ವಿದ್ಯುತ್ತು ಥಟ್ಟನೆ ಹೋದರೆ ಆ ಅವಕಾಶ ತಪ್ಪುತ್ತದೆ. ಕರೆಂಟು ಕೈಕೊಡುವ ಊರುಗಳಲ್ಲಿ ಯುಪಿಎಸ್ ಅನಿವಾರ್ಯ. ಕತ್ತಲೆ ಕೋಣೆಯಲ್ಲಿ ಪರದೆಯೂ ಆರಿದರೆ ಪೂರ್ಣ ಅಂಧಕಾರ ಕವಿಯುವುದರಿಂದ, ಮೆಟ್ಟಿಲ ಅಂಚಿನ ಸಣ್ಣ ದೀಪಗಳಿಗೂ ಬ್ಯಾಟರಿಯ ಆಧಾರವಿರಬೇಕು. ಸೈಕಲ್ಲಿನ ಭಾರವಾದ ಗಾಲಿ ತಿರುಗುತ್ತಿರುವಾಗ ಕಾಣದ ಮೆಟ್ಟಿಲಿಗೆ ಕಾಲಿಡುವುದು ಅಪಾಯ.

ಆರೋಗ್ಯದ ಪ್ರಶ್ನೆಗಳು

ಮಿನುಗುವ ಬೆಳಕು ಕೆಲವರಲ್ಲಿ ಮೂರ್ಛೆಯನ್ನು ಪ್ರಚೋದಿಸುತ್ತದೆ. ಅಪಸ್ಮಾರ ಇರುವವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಈ ಬೆಳಕಿನ ಸೂಕ್ಷ್ಮತೆ ಇರುತ್ತದೆ. ಮಕ್ಕಳಲ್ಲಿಯೂ ತರುಣರಲ್ಲಿಯೂ ಹೆಚ್ಚು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿದಾಗ 600ಕ್ಕೂ ಹೆಚ್ಚು ಮಂದಿಯನ್ನು, ಬಹುತೇಕ ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅವರಲ್ಲಿ ಹಲವರಿಗೆ ಹಿಂದೆಂದೂ ಮೂರ್ಛೆ ಬಂದಿರಲಿಲ್ಲ. ಅಂತರಜಾಲ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದೆನ್ನುತ್ತದೆ. ದೊಡ್ಡ ಪರದೆ, ಗಾಢ ಕತ್ತಲೆ, ಸಂಗೀತದ ತಾಳಕ್ಕೆ ಮಿನುಗುವ ದೀಪ ಇವು ಮೂರೂ ಒಟ್ಟಾಗುವ ಸೈಕ್ಲಿಂಗ್ ಕೋಣೆಯಲ್ಲಿ ಈ ಮಿತಿಯನ್ನು ಪಾಲಿಸದಿರುವುದು ಹೊಣೆಗೇಡಿತನ. ಪಾದ ಪೆಡಲಿಗೆ ಬಿಗಿದುಕೊಂಡಿರುವ ವ್ಯಕ್ತಿ ಪ್ರಜ್ಞೆ ತಪ್ಪಿದರೆ ಪೆಟ್ಟು ಇಮ್ಮಡಿ. ಬಾಗಿಲಲ್ಲಿ ಎಚ್ಚರಿಕೆಯ ಫಲಕ ಹಾಕುವುದರ ಜೊತೆಗೆ, ದೀಪವನ್ನು ಒಂದೇ ಗುಂಡಿಯಿಂದ ಸ್ಥಿರಗೊಳಿಸುವ ವ್ಯವಸ್ಥೆ ಬೋಧಕರ ಕೈಗೆಟಕುವಂತಿರಬೇಕು.

ಎರಡನೆಯದು ತಲೆಸುತ್ತು. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ತಮ್ಮ ರೈಲೇ ಚಲಿಸಿದಂತೆ ಭಾಸವಾಗುವ ಅನುಭವ ಎಲ್ಲರಿಗೂ ಇರುತ್ತದೆ. ಕಣ್ಣು ಚಲನೆಯನ್ನು ಹೇಳುತ್ತದೆ, ಒಳಕಿವಿಯ ಸಮತೋಲನದ ಅಂಗ ಇಲ್ಲವೆನ್ನುತ್ತದೆ. ನೋಟದ ಬಹುಭಾಗವನ್ನು ತುಂಬುವ ಪರದೆಯಲ್ಲಿ ರಸ್ತೆ ಥಟ್ಟನೆ ತಿರುಗಿ, ಕ್ಯಾಮೆರಾ ಓರೆಯಾದಾಗ ಅಲುಗದ ಸೈಕಲ್ಲಿನ ಸವಾರನಿಗೆ ಆಗುವುದು ಇದೇ. ಪರದೆಯ ಸುತ್ತ ಸ್ಥಿರವಾಗಿ ಕಾಣುವ ಚೌಕಟ್ಟೋ ಗೋಡೆಯೋ ಸ್ವಲ್ಪ ಉಳಿದಿದ್ದರೆ ಕಣ್ಣಿಗೆ ಆಸರೆ ಸಿಗುತ್ತದೆ. ಮೂರೂ ಗೋಡೆಗಳನ್ನು ಚಿತ್ರದಿಂದ ಮುಚ್ಚುವ ಉತ್ಸಾಹಕ್ಕೆ ಇದು ಕಡಿವಾಣ. ಹೊಸಬರಿಗೆ ಹಿಂದಿನ ಸಾಲು ಉತ್ತಮ, ಏಕೆಂದರೆ ದೂರ ಹೆಚ್ಚಿದಂತೆ ಚಿತ್ರವು ನೋಟದಲ್ಲಿ ಚಿಕ್ಕದಾಗುತ್ತದೆ.

ಶ್ರಮದ ಮಟ್ಟವನ್ನು ಬಣ್ಣಗಳಿಂದ ಸೂಚಿಸುವ ಪದ್ಧತಿ ವ್ಯಾಪಕವಾಗಿದೆ. ಮೈಜೋನ್ ಎಂಬ ವ್ಯವಸ್ಥೆಯಲ್ಲಿ ಗರಿಷ್ಠ ಹೃದಯ ಬಡಿತದ ಶೇ. 70ರಿಂದ 79ರವರೆಗೆ ಹಸಿರು, ಶೇ. 80ರಿಂದ 89 ಹಳದಿ, ಶೇ. 90 ದಾಟಿದರೆ ಕೆಂಪು. ಕೆಂಪು-ಹಸಿರು ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದವರು, ಹೆಚ್ಚಾಗಿ ಪುರುಷರು, ಪ್ರತಿ ಸಮುದಾಯದಲ್ಲೂ ಇದ್ದಾರೆ. ತಾನು ಮಿತಿ ಮೀರಿದ್ದೇನೆಂಬುದು ಅಂಥವರಿಗೆ ಬಣ್ಣದಿಂದ ತಿಳಿಯದು. ಬಣ್ಣದ ಜೊತೆಗೆ ಅಂಕಿಯನ್ನೂ ದೊಡ್ಡದಾಗಿ ತೋರಿಸುವ ವಿನ್ಯಾಸವನ್ನೇ ಆರಿಸಬೇಕು.

ಹೆಸರು, ಹಕ್ಕು

ಎಲ್ಲರ ಅಂಕಿಗಳನ್ನು ಹೆಸರು ಸಮೇತ ಗೋಡೆಯ ಮೇಲೆ ಬರೆಯುವುದು ಕೆಲವರಿಗೆ ಹುರುಪು, ಕೆಲವರಿಗೆ ಮುಜುಗರ. ಹೃದಯ ಬಡಿತವು ಆರೋಗ್ಯದ ಖಾಸಗಿ ಮಾಹಿತಿಯೂ ಹೌದು. ಅಡ್ಡಹೆಸರು ಬಳಸಲು ಇಲ್ಲವೇ ಪಟ್ಟಿಯಿಂದ ಹೊರಗುಳಿಯಲು ಅವಕಾಶ ಕೊಡುವ ತಂತ್ರಾಂಶಗಳಿವೆ. ಅಂಕಿಯನ್ನು ದೇಹತೂಕದಿಂದ ಭಾಗಿಸಿ ತೋರಿಸುವ ಪಟ್ಟಿಯಿಂದ ಸವಾರನ ತೂಕವನ್ನೂ ಊಹಿಸಬಹುದೆಂಬುದನ್ನು ಮರೆಯಬಾರದು.

ಪರದೆಯಲ್ಲಿ ಸಿನಿಮಾ, ಹಾಡಿನ ದೃಶ್ಯ ಅಥವಾ ಪಂದ್ಯಗಳನ್ನು ತೋರಿಸುವುದಕ್ಕೆ ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ ಅನ್ವಯಿಸುತ್ತದೆ. ಮನೆಯ ಬಳಕೆಗೆ ಪಡೆದ ಚಂದಾದಾರಿಕೆಯು ಶುಲ್ಕ ತೆತ್ತು ಬರುವ ಸದಸ್ಯರ ಎದುರಿಗೆ ಪ್ರದರ್ಶಿಸುವ ಹಕ್ಕನ್ನು ಕೊಡುವುದಿಲ್ಲ. ಹಿನ್ನೆಲೆಯಲ್ಲಿ ನುಡಿಸುವ ಧ್ವನಿಮುದ್ರಿತ ಸಂಗೀತಕ್ಕೂ ಹಕ್ಕುದಾರರ ಅಥವಾ ಅವರ ಸಂಘಗಳ ಪರವಾನಗಿ ಬೇಕು. ವ್ಯಾಯಾಮ ಕೋಣೆಗಳಿಗೆಂದೇ ಚಿತ್ರ ಹಾಗೂ ಸಂಗೀತ ಒದಗಿಸುವ ಸಂಸ್ಥೆಗಳ ಚಂದಾದಲ್ಲಿ ಪ್ರದರ್ಶನದ ಹಕ್ಕು ಸೇರಿದೆಯೇ, ಸೇರಿದ್ದರೆ ಒಂದು ಕೋಣೆಗೋ ಎಲ್ಲ ಶಾಖೆಗಳಿಗೋ ಎಂಬುದನ್ನು ಒಪ್ಪಂದದಲ್ಲಿ ನೋಡಿಕೊಳ್ಳಬೇಕಾಗುತ್ತದೆ.